ಬಂಡೆಯೊಳಗಿನ ಮಣಿ

"ಹತ್ತಿ ಯಾರೂ ಮುಟ್ಟಬೇಡಿ" ಎಂದರು ಚಿಕ್ಕಮ್ಮ.

ಮುಟ್ಟುವ ಧೈರ್ಯ ಅಲ್ಲಿದ್ದ ಯಾರಿಗೂ ಇರಲಿಲ್ಲ. ಅಗೆದು ತೆಗೆದ ವಸ್ತುಗಳನ್ನು ಜೋಡಿಸಿಡುವ ಆ ಉದ್ದನೆಯ ಕೋಣೆಯ ಮೇಜಿನ ಮೇಲೆ ಒಂದೇ ಒಂದು ತಟ್ಟೆ ಇತ್ತು. ತಟ್ಟೆಯಲ್ಲಿ ಬಿಳಿ ಹತ್ತಿ. ಹತ್ತಿಯ ನಡುವೆ ಹೆಬ್ಬೆರಳ ಉಗುರಿನಷ್ಟು ಅಗಲದ, ನಾಲ್ಕು ಮೂಲೆಯ ಗುಳಿ. ಗುಳಿಯೊಳಗೆ ಏನೂ ಇಲ್ಲ.

ಅಲ್ಲಿರಬೇಕಾದ ನೀಲಿ ಕಲ್ಲಿನ ಮುದ್ರೆ ನಿನ್ನೆ ಬೆಳಿಗ್ಗೆಯಿಂದ ಕಾಣೆ. ಕಂಪ್ಯೂಟರಿನಲ್ಲಿದ್ದ ಅದರ ದಾಖಲೆಯನ್ನು ಮೊನ್ನೆ ಮಧ್ಯಾಹ್ನ ಯಾರೋ ತಿದ್ದಿದ್ದರು, ಅದೂ ಚಿಕ್ಕಮ್ಮನ ಅಕ್ಕನ ಮಗಳ ಹೆಸರಿನಲ್ಲಿ. ಇವತ್ತು ನಾಲ್ಕು ಗಂಟೆಗೆ ನಿರ್ದೇಶಕರು ಆ ಹುಡುಗಿಯ ಮೇಲೆ ಪೊಲೀಸರಿಗೆ ಕೊಡುವ ದೂರಿಗೆ ಸಹಿ ಹಾಕುವವರಿದ್ದರು.

ಗೋಡೆಯ ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

ಚಿಕ್ಕಮ್ಮ ಮಡಚುವ ಭೂತಗನ್ನಡಿಯನ್ನು ತೆಗೆದು ಗುಳಿಯ ಮೇಲೆ ಹಿಡಿದರು. ಮೂವತ್ತೊಂದು ವರ್ಷ ಬೆರಳ ಗುರುತು ಓದಿ ನಿವೃತ್ತರಾದವರು ಅವರು. ಅಕ್ಕನ ಮಗಳು ಚಿಕ್ಕಮ್ಮ ಅನ್ನುವುದನ್ನು ಕೇಳಿ ಎರಡೇ ದಿನದಲ್ಲಿ ಇಡೀ ಕಟ್ಟಡ ಅವರನ್ನು ಚಿಕ್ಕಮ್ಮ ಅನ್ನತೊಡಗಿತ್ತು. ಗೇಟಿನ ಕಾವಲುಗಾರ ಅವರಿಗಿಂತ ನಾಲ್ಕು ವರ್ಷ ದೊಡ್ಡವನು, ಅವನೂ ಸೇರಿ.

"ಅಂಚು ಕೆಟ್ಟಿಲ್ಲ. ಚಿಮಟದಲ್ಲಿ ನೆಟ್ಟಗೆ ಎತ್ತಿದ್ದಾರೆ. ಗೊತ್ತಿರೋರ ಕೈ" ಎಂದರು.

"ನನಗೆ ಚಿಮಟ ಹಿಡಿಯೋಕೇ ಬರಲ್ಲ ಚಿಕ್ಕಮ್ಮ" ಎಂದಳು ಬಾಗಿಲಲ್ಲಿ ನಿಂತಿದ್ದ ಹುಡುಗಿ. ಕೊರಳಲ್ಲಿ ಸದಾ ನೇತಾಡುತ್ತಿದ್ದ ಗುರುತಿನ ಕಾರ್ಡು ಇರಲಿಲ್ಲ. ನಿರ್ದೇಶಕರು ನಿನ್ನೆಯೇ ಕಿತ್ತಿಟ್ಟುಕೊಂಡಿದ್ದರು. ಆ ಖಾಲಿ ಜಾಗವನ್ನು ಅವಳ ಬೆರಳುಗಳು ಆಗಾಗ ಹುಡುಕುತ್ತಿದ್ದವು.

"ಬರಲ್ಲ ಅನ್ನೋದನ್ನ ದೂರಿನಲ್ಲಿ ಬರೆಯೋಕೆ ಜಾಗ ಇರಲ್ಲ ಪುಟ್ಟಿ. ಆ ದಾಖಲೆ ಒಂದ್ಸಲ ತೋರಿಸು."

"ನಾನು ಕೀಬೋರ್ಡ್ ಮುಟ್ಟೋ ಹಾಗಿಲ್ಲ."

ಇಬ್ಬರೂ ಒಟ್ಟಿಗೆ ಮೂರನೆಯವರ ಕಡೆ ನೋಡಿದರು.

ಮಣ್ಣುಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಉತ್ಖನನದ ಮೇಲ್ವಿಚಾರಕರು ಅವರು. ಮಣ್ಣಿನ ಬಣ್ಣ ನೋಡಿ ಅದರ ವಯಸ್ಸು ಹೇಳುವ ಮನುಷ್ಯ ಕಂಪ್ಯೂಟರಿನ ಎದುರು ಮಾತ್ರ ಕೈಕಟ್ಟಿ ನಿಂತುಬಿಡುತ್ತಿದ್ದರು. "ನನ್ನ ನೋಡಬೇಡಿ. ನನ್ನ ಕೈಗೆ ಕರಣೆ ಸಾಕು. ಆ ಪೆಟ್ಟಿಗೆ ಮುಟ್ಟಲ್ಲ ಅಂತ ಹೇಳಿ ಒಂದೂವರೆ ವರ್ಷ ಆಯ್ತು."

"ಗೊತ್ತು. ನಿಮಗೆ ಅಂತ ಮಾಡಿದ ಪಾಸ್‌ವರ್ಡಿನ ಲಕೋಟೆ ಅವತ್ತಿನಿಂದ ಹೊರಗಡೆ ನೋಟಿಸ್ ಬೋರ್ಡಲ್ಲಿ ನೇತಾಡ್ತಿದೆ. ಯಾರೋ ಅದಕ್ಕೆ ಮೀಸೆ ಬೇರೆ ಬರೆದಿದ್ದಾರೆ" ಎಂದಳು ಹುಡುಗಿ.

"ಮೀಸೆ ನನ್ನ ಮೀಸೆಗಿಂತ ಚೆನ್ನಾಗಿದೆ."

"ಮೇಷ್ಟ್ರೇ, ಓದೋಕೆ ಪಾಸ್‌ವರ್ಡ್ ಬೇಡವಂತೆ. ಮೂರು ಕೀಲಿ ಒತ್ತಿ, ಸಾಕು. ಹುಡುಗಿ ಜೈಲಿಗೆ ಹೋಗೋದು ತಪ್ಪುತ್ತೆ ಅಂದ್ರೆ ನಿಮ್ಮ ವ್ರತ ಕೆಟ್ಟರೂ ಪರವಾಗಿಲ್ಲ" ಎಂದರು ಚಿಕ್ಕಮ್ಮ.

ಮೇಷ್ಟ್ರು ನಿಟ್ಟುಸಿರು ಬಿಟ್ಟು ಕುರ್ಚಿಯ ತುದಿಯಲ್ಲಿ ಕುಳಿತರು. ತೋರುಬೆರಳೊಂದನ್ನೇ ಚಾಚಿ, ಕೀಲಿಗಳ ಮೇಲೆ ಹದ್ದಿನಂತೆ ಸುತ್ತಾಡಿಸಿ, ಒಂದೊಂದನ್ನೇ ಕುಕ್ಕಿದರು. ಪರದೆಯ ಮೇಲೆ ದಾಖಲೆ ತೆರೆಯಿತು.

ಮೊದಲಿನದು: ಗುಂಡಿ ಐದು, ವಸ್ತು ಮುದ್ರೆ, ಆಳ 131 ಸೆಂಟಿಮೀಟರ್.

ತಿದ್ದಿದ್ದು: ಗುಂಡಿ ಐದು, ವಸ್ತು ಮಣಿ, ಆಳ 216 ಸೆಂಟಿಮೀಟರ್.

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು. ಆಮೇಲೆ ನಕ್ಕರು. ಎರಡು ದಿನದಲ್ಲಿ ಆ ಕೋಣೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

"ಇನ್ನೂರ ಹದಿನಾರಾ? ಐದನೇ ಗುಂಡಿಯಲ್ಲಿ ಇನ್ನೂರ ಹನ್ನೆರಡಕ್ಕೇ ಬಂಡೆ ಬರುತ್ತೆ. ಇಡೀ ಬಂಡೆ. ಆ ಮಣಿ ನಾಲ್ಕು ಸೆಂಟಿಮೀಟರ್ ಕಲ್ಲಿನೊಳಗೆ ಹೊಕ್ಕು ಕೂತಿದೆಯಂತೆ."

"ಬಂಡೆ ಎಲ್ಲಿದೆ ಅಂತ ನನಗೆ ಯಾಕೆ ಹೇಳಲಿಲ್ಲ ಮೇಷ್ಟ್ರೇ?" ಹುಡುಗಿಯ ದನಿ ಏರಿತು. "ಹೇಳಿದ್ರೆ ಅದಕ್ಕಿಂತ ಕೆಳಗಿನ ಆಳಾನ ಕಂಪ್ಯೂಟರ್ ತಗೊಳ್ಳದ ಹಾಗೆ ಮಾಡಿರ್ತಿದ್ದೆ."

"ಬಂಡೆ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರೋದನ್ನ ಯಾರಮ್ಮ ಬರೀತಾರೆ?"

"ಬರೀದೇ ಇದ್ದದ್ದು ಅದಕ್ಕೆ ಗೊತ್ತಿರಲ್ಲ."

"ಜಗಳ ಆಮೇಲೆ" ಎಂದು ಚಿಕ್ಕಮ್ಮ ಭೂತಗನ್ನಡಿಯನ್ನು ಮಡಚಿದರು. "ನನಗೆ ಆ ಬಂಡೆ ತೋರಿಸಿ."

*

ಐದನೆಯ ಗುಂಡಿ ಕಟ್ಟಡದ ಹಿಂದೆಯೇ, ತಗಡಿನ ಚಪ್ಪರದ ಕೆಳಗಿತ್ತು. ಅರವತ್ತಮೂರು ವರ್ಷದ ಚಿಕ್ಕಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಇಳಿದರು. ಕೆಳಗೆ ತಣ್ಣಗಿತ್ತು. ನಾಲ್ಕೂ ಕಡೆ ಗೋಡೆಗಳಲ್ಲಿ ಮಣ್ಣು ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. ಕೆಂಪು, ಕಂದು, ಮತ್ತೆ ಕೆಂಪು, ಕೊನೆಗೆ ಬಂಡೆಯ ಮೇಲೆ ಬೂದಿಯಂಥ ಒಂದು ತೆಳು ಪದರ.

"ಆ ಬೂದಿ ಪದರದ ತುಂಬ ಮಣಿಗಳೇ. ಮುನ್ನೂರು ಚಿಲ್ಲರೆ ಸಿಕ್ಕಿವೆ" ಎಂದರು ಮೇಷ್ಟ್ರು.

"ಆಳ ಅಳೆಯೋದು ಎಲ್ಲಿಂದ?"

ಮೇಷ್ಟ್ರು ಗುಂಡಿಯ ಅಂಚಿನಲ್ಲಿ ನೆಟ್ಟಿದ್ದ ಕಬ್ಬಿಣದ ಗೂಟದ ಕಡೆ ಕರಣೆ ತೋರಿಸಿದರು. "ಅಲ್ಲಿಂದ. ಆದರೆ ಅದಕ್ಕೊಂದು ಕತೆ ಇದೆ. ಎರಡು ವರ್ಷದ ಹಿಂದೆ ಮಣ್ಣು ಸಾಗಿಸೋ ಕೈಗಾಡಿ ಬಡಿದು ಆ ಗೂಟ ಒಂಬತ್ತು ಸೆಂಟಿಮೀಟರ್ ಕುಸೀತು. ಕಿತ್ತು ಮತ್ತೆ ನೆಟ್ರೆ ಅಲ್ಲಾಡುತ್ತೆ ಅಂತ ಹಾಗೇ ಬಿಟ್ಟೆ. ಅವತ್ತಿನಿಂದ ಟೇಪು ಎಷ್ಟು ತೋರಿಸುತ್ತೋ ಅದಕ್ಕೆ ಒಂಬತ್ತು ಸೇರಿಸಿದ್ರೆ ನಿಜವಾದ ಆಳ."

"ನಿಮ್ಮ ಪುಸ್ತಕದಲ್ಲಿ ಸೇರಿಸಿ ಬರೀತೀರಾ?"

"ಇಲ್ಲ. ಟೇಪು ಹೇಳಿದ್ದನ್ನ ಬರೆ, ತಲೆ ಹೇಳಿದ್ದನ್ನ ಬರೀಬೇಡ. ಇಲ್ಲಿ ಅಗೆಯೋಕೆ ಬಂದ ಎಲ್ಲರಿಗೂ ನಾನು ಮೊದಲು ಕಲಿಸೋದೇ ಅದನ್ನ."

ಏಣಿಯ ಮೇಲಿಂದ ಹುಡುಗಿ ಬಗ್ಗಿ ಹೇಳಿದಳು. "ಸೇರಿಸೋ ಕೆಲಸ ನನ್ನ ಪ್ರೋಗ್ರಾಮಿನದು ಚಿಕ್ಕಮ್ಮ. ಮೂರು ತಿಂಗಳು ಮೇಷ್ಟ್ರ ಪುಸ್ತಕಗಳ ಜೊತೆ ಕೂತು ಬರೆದದ್ದು. ಐದನೇ ಗುಂಡಿ ಅಂತ ಹಾಕಿ ಟೇಪಿನ ಸಂಖ್ಯೆ ಕೊಟ್ರೆ, ಒಂಬತ್ತು ತಾನಾಗಿ ಸೇರುತ್ತೆ."

ಚಿಕ್ಕಮ್ಮ ಬಂಡೆಯ ಮೇಲೆ ಕುಳಿತುಬಿಟ್ಟರು. ಯೋಚನೆ ಬಂದಾಗ ಅವರು ಎಲ್ಲಿದ್ದರೆ ಅಲ್ಲೇ ಕೂರುತ್ತಿದ್ದರು. ಎಷ್ಟು ಹೊತ್ತಾದರೂ ಏಳುತ್ತಿರಲಿಲ್ಲ. ಮೇಷ್ಟ್ರು ಒಂದು ಸಲ ಕೆಮ್ಮಿದರು. ಹುಡುಗಿ ಮೊಬೈಲಿನಲ್ಲಿ ಗಂಟೆ ನೋಡಿಕೊಂಡಳು. ಎರಡೂ ಮುಕ್ಕಾಲು.

"ಹಾಗಾದ್ರೆ ಪರದೆ ಮೇಲೆ ಇನ್ನೂರ ಹದಿನಾರು ಬರಬೇಕಾದ್ರೆ, ಆ ವ್ಯಕ್ತಿ ಒತ್ತಿದ್ದು ಎಷ್ಟು?"

"ಇನ್ನೂರ ಏಳು."

"ಇನ್ನೂರ ಏಳರಲ್ಲಿ ಏನಿದೆ ಮೇಷ್ಟ್ರೇ?"

ಮೇಷ್ಟ್ರು ಟೇಪು ಎಳೆದು, ಒಂಬತ್ತು ಬಿಟ್ಟು, ಗೋಡೆಯ ಮೇಲೆ ಕರಣೆಯ ತುದಿ ಇಟ್ಟರು. ತುದಿ ಬೂದಿ ಪದರದ ನಟ್ಟನಡುವೆ ನಿಂತಿತು.

"ನೋಡಿ, ದಡ್ಡ ಕೆಲಸ ಅಲ್ಲ" ಎಂದರು ಚಿಕ್ಕಮ್ಮ. "ಮುದ್ರೆಯನ್ನ ಮಣಿ ಅಂತ ಮಾಡಿ ಮುನ್ನೂರು ಮಣಿಗಳ ನಡುವೆ ಸೇರಿಸಿಬಿಟ್ರೆ ಯಾರು ಹುಡುಕ್ತಾರೆ? ಜಾಗ ಸರಿಯಾಗೇ ಆರಿಸಿದ್ದಾರೆ. ಆದರೆ ಮಣಿ ಅಲ್ಲಿಗೆ ಬೀಳಬೇಕಾದ್ರೆ ಒತ್ತಬೇಕಾದ್ದು ನೂರ ತೊಂಬತ್ತೆಂಟು. ಒಂಬತ್ತು ಸೇರುತ್ತೆ ಅಂತ ಪುಟ್ಟಿಗೆ ಗೊತ್ತು. ಅವಳೇ ಸೇರಿಸಿಟ್ಟವಳು. ಅವಳು ಇನ್ನೂರ ಏಳು ಒತ್ತೋದು, ತನ್ನ ಮನೆ ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ಮರೆತ ಹಾಗೆ."

ಏಣಿಯ ಮೇಲೆ ಹುಡುಗಿ ತುಟಿ ಕಚ್ಚಿಕೊಂಡಳು. ಕಣ್ಣು ತುಂಬಿತ್ತು.

"ಅಳೋಕೆ ಇನ್ನೂ ಹೊತ್ತಿದೆ, ಇರು" ಎಂದರು ಚಿಕ್ಕಮ್ಮ. "ಮೇಷ್ಟ್ರೇ, ಅಗೆಯೋರು ಯಾರೂ ಸೇರಿಸಿ ಬರೆಯಲ್ಲ ಅಂದ್ರಿ. ಅವರ ತಲೇಲಿ ಇನ್ನೂರ ಏಳು ಅನ್ನೋ ಸಂಖ್ಯೆನೇ ಇರಲ್ಲ. ಹಾಗಾದ್ರೆ ಈ ಗುಂಡಿಯಲ್ಲಿ ನಿಂತು, ನಿಂತಲ್ಲೇ, ತಲೇಲೇ ಒಂಬತ್ತು ಸೇರಿಸೋರು ಯಾರು?"

ಮೇಷ್ಟ್ರು ಕರಣೆಯ ಅಲಗನ್ನು ಪ್ಯಾಂಟಿಗೆ ಒರೆಸಿದರು. ಮಣ್ಣೇ ಇಲ್ಲದ ಅಲಗನ್ನು ಮತ್ತೊಮ್ಮೆ ಒರೆಸಿದರು.

"ಈ ಗುಂಡಿ ಗೋಡೆಯ ಪದರಗಳ ಚಿತ್ರ ಬರೆಯೋರು" ಎಂದರು ಕೊನೆಗೆ. "ಹಳೇ ವರ್ಷದ ಹಾಳೆಗೂ ಹೊಸ ವರ್ಷದ ಹಾಳೆಗೂ ಗೆರೆ ಕೂಡಬೇಕಲ್ಲ. ಅವರು ಟೇಪು ನೋಡ್ತಾ ನೋಡ್ತಾ ಸೇರಿಸಿಕೊಂಡೇ ಬರೀತಾರೆ."

"ಎಷ್ಟು ಜನ ಇದ್ದಾರೆ?"

"ಒಬ್ಬಳೇ." ಅವರು ಕರಣೆಯನ್ನು ಚೀಲಕ್ಕೆ ಹಾಕಿದರು. "ನನ್ನ ತಂಗಿ."

ಚಿಕ್ಕಮ್ಮ ಎದ್ದು ಏಣಿ ಹಿಡಿದರು. ಮೇಷ್ಟ್ರು ಹಿಂದೆ ಬರಲಿಲ್ಲ. "ನೀವು ಹೋಗಿ. ನಾನು ಇಲ್ಲೇ ಇರ್ತೀನಿ" ಎಂದು ಬೂದಿ ಪದರದ ಕಡೆ ತಿರುಗಿ ನಿಂತರು.

*

ಮೇಷ್ಟ್ರ ತಂಗಿ ಚಿತ್ರದಕ್ಕನ ಕೋಣೆ ಮೊದಲ ಮಹಡಿಯಲ್ಲಿ, ಬೆಳಕು ನೇರ ಬೀಳದ ಕಡೆ ಇತ್ತು. ಇಳಿಜಾರಿನ ಮೇಜು, ಹತ್ತು ಬಗೆಯ ಪೆನ್ಸಿಲು, ಯಾವ ಕಾಲದ್ದೋ ಅನ್ನಿಸುವಷ್ಟು ಸವೆದ ಒಂದು ರಬ್ಬರು. ಐವತ್ತರ ಆಸುಪಾಸಿನ ಹೆಂಗಸು. ಮಡಕೆಚೂರೊಂದನ್ನು ಎಡಗೈಯಲ್ಲಿ ತಿರುಗಿಸುತ್ತ ಬಲಗೈಯಲ್ಲಿ ಅದರ ಅಂಚನ್ನು ಕಾಗದಕ್ಕಿಳಿಸುತ್ತಿದ್ದಳು.

"ಬನ್ನಿ ಚಿಕ್ಕಮ್ಮ. ಬಾರೇ, ನೀನೂ ಕೂತ್ಕೋ. ಊಟ ಮಾಡಿದ್ಯಾ?" ಎಂದಳು ಹುಡುಗಿಗೆ.

ಹುಡುಗಿ ಕೂರಲಿಲ್ಲ. ಈ ಕಟ್ಟಡಕ್ಕೆ ಬಂದ ಮೊದಲ ದಿನ ಅವಳಿಗೆ ಮಡಕೆಗೂ ಮುಚ್ಚಳಕ್ಕೂ ವ್ಯತ್ಯಾಸ ಹೇಳಿಕೊಟ್ಟವಳು ಈ ಅಕ್ಕ.

ಚಿಕ್ಕಮ್ಮ ಗೋಡೆಯ ಮೇಲಿದ್ದ ಐದನೆಯ ಗುಂಡಿಯ ದೊಡ್ಡ ಚಿತ್ರವನ್ನು ನೋಡುತ್ತ, ಬೇರೇನೋ ಯೋಚಿಸುತ್ತಿರುವವರ ಹಾಗೆ ಕೇಳಿದರು. "ಐದನೇ ಗುಂಡಿಯಲ್ಲಿ ಟೇಪು ನೂರ ನಲವತ್ತು ತೋರಿಸ್ತಿದೆ ಅಂದುಕೊಳ್ಳಿ. ಎಷ್ಟು ಅಂತ ಬರೀತೀರಿ?"

"ನೂರ ನಲವತ್ತೊಂಬತ್ತು" ಎಂದಳು ಚಿತ್ರದಕ್ಕ ತಲೆಯೆತ್ತದೆ.

ಪೆನ್ಸಿಲು ಇನ್ನೊಂದು ಬೆರಳಿನಷ್ಟು ಸಾಗಿತು. ಆಮೇಲೆ ನಿಂತಿತು.

"ನಿಮ್ಮ ಮಣಿ ಬಂಡೆಯೊಳಗೆ ಬಿದ್ದಿದೆ" ಎಂದರು ಚಿಕ್ಕಮ್ಮ. "ಒಂಬತ್ತು ನೀವು ಸೇರಿಸಿದ್ರಿ. ಕಂಪ್ಯೂಟರೂ ಸೇರಿಸ್ತು."

ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಅದರ ಸದ್ದು ಕಾರಿಡಾರಿನ ಕೊನೆ ಮುಟ್ಟುವಷ್ಟರಲ್ಲಿ ಚಿತ್ರದಕ್ಕ ಪೆನ್ಸಿಲನ್ನು ಕೆಳಗಿಟ್ಟಿದ್ದಳು.

"ನನ್ನ ಕಂಪ್ಯೂಟರಲ್ಲಾ ತಿದ್ದಿದ್ದು ಅಕ್ಕ?" ಹುಡುಗಿ ಮೆಲ್ಲಗೆ ಕೇಳಿದಳು.

"ನೀನು ಗುಂಡಿಗೆ ಹೋಗುವಾಗ ತೆರೆದಿಟ್ಟು ಹೋಗಿದ್ದೆ. ಯಾವಾಗಲೂ ಹಾಗೇ ಬಿಡ್ತಿದ್ದೆಯಲ್ಲ, ನಾನು ಚಿತ್ರ ಹಾಕಿಕೊಳ್ಳಲಿ ಅಂತ."

"ನನ್ನ ಹೆಸರು ಬರುತ್ತೆ ಅಂತ ಗೊತ್ತಿರಲಿಲ್ವಾ?"

ಚಿತ್ರದಕ್ಕ ರಬ್ಬರನ್ನು ಕೈಗೆತ್ತಿಕೊಂಡು ನೋಡಿದಳು. "ಮೂವತ್ತು ವರ್ಷದಿಂದ ನಾನು ಅಳಿಸಿದ್ದು ಅಳಿಸಿಹೋಗಿದೆ ಕಣೆ. ಹಳೇ ಗೆರೆ, ಅಳಿಸಿದವರ ಹೆಸರು, ಗಂಟೆ, ನಿಮಿಷ, ಎಲ್ಲಾನೂ ಇದು ಬಚ್ಚಿಟ್ಟುಕೊಳ್ಳುತ್ತೆ ಅಂತ ನನಗೆ ಗೊತ್ತಾದದ್ದು ನಿನ್ನೆ, ನಿರ್ದೇಶಕರು ನಿನ್ನ ಕಾರ್ಡು ಕಿತ್ತುಕೊಂಡಾಗ."

"ನಿನ್ನೆಯಿಂದ ಇವತ್ತಿನವರೆಗೂ ಒಂದು ರಾತ್ರಿ ಇತ್ತು" ಎಂದರು ಚಿಕ್ಕಮ್ಮ. ದನಿ ಗಡುಸಾಗಿರಲಿಲ್ಲ. "ನಾಲ್ಕು ಗಂಟೆಯೊಳಗೆ ಹೇಳೋರಿದ್ರಾ?"

"ಹೇಳ್ತಿದ್ದೆ."

"ಮೂರೂ ಕಾಲಾಯ್ತು."

ಚಿತ್ರದಕ್ಕ ತಲೆ ತಗ್ಗಿಸಿದಳು. "ಒಂದು ಕಡೆ ಇವಳು. ಇನ್ನೊಂದು ಕಡೆ ಅಣ್ಣ. ಯಾರನ್ನ ಬಿಟ್ಟುಕೊಡಲಿ ಅಂತ ಗೊತ್ತಾಗದೆ ಮಡಕೆಚೂರು ಬರೀತಾ ಕೂತಿದ್ದೆ."

"ಅಣ್ಣ ಎಲ್ಲಿಂದ ಬಂದ್ರು ಇದರಲ್ಲಿ?"

ಚಿತ್ರದಕ್ಕ ಎದ್ದು, ಇಳಿಜಾರಿನ ಮೇಜಿನ ಹಲಗೆಯನ್ನು ಎತ್ತಿದಳು. ಅದರಡಿಯಿಂದ ಒಂದು ಹಾಳೆ ತೆಗೆದಳು. ಕೊಂಬಿನ ಪ್ರಾಣಿಯೊಂದು ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಒಂದು ಮೂಲೆ ಮುಕ್ಕಾಗಿತ್ತು. ಕಾಣೆಯಾದ ಮುದ್ರೆಯ ಚಿತ್ರ, ನಾಲ್ಕು ಪಟ್ಟು ದೊಡ್ಡದು.

"ಮೊನ್ನೆ ಬೆಳಿಗ್ಗೆ ಇದನ್ನ ಬರೆದೆ. ಬರೆಯುವಾಗ ಗಾಜಿನಡಿ ಇಟ್ಟು ಒಂದೊಂದು ಗೀರಿನ ತಳಾನೂ ನೋಡ್ತೀನಿ. ಕೈಯಲ್ಲಿ ಕೊರೆದ ಗೀರು ಉಸಿರು ತಗೊಂಡ ಕಡೆ ನಿಲ್ಲುತ್ತೆ, ಸ್ವಲ್ಪ ಅಡ್ಡಾಡುತ್ತೆ. ಇದರ ಗೀರು ಎಲ್ಲೂ ನಿಂತಿಲ್ಲ. ತಳ ಕನ್ನಡಿಯಷ್ಟು ನುಣುಪು. ಇದು ಹಳೇದಲ್ಲ ಚಿಕ್ಕಮ್ಮ. ಯಂತ್ರದಲ್ಲಿ ಕೊರೆದದ್ದು. ಯಾರೋ ತಂದು ಗುಂಡಿಯಲ್ಲಿ ಹುಗಿದದ್ದು."

"ಮೇಷ್ಟ್ರಿಗೆ ಹೇಳಿದ್ರಾ?"

"ಹೇಗೆ ಹೇಳಲಿ? ಅಣ್ಣ ತನ್ನ ಕೈಯಾರೆ ತೆಗೆದದ್ದು. ಮೂರು ತಿಂಗಳಿಗೆ ನಿವೃತ್ತಿ. ನಕಲಿ ಅಂತ ಗೊತ್ತಾದ್ರೆ ಮೊದಲು ಎಲ್ಲರೂ ನೋಡೋದು ತೆಗೆದವರ ಮುಖಾನೇ. ಆಮೇಲೆ ಅವರ ನಲವತ್ತು ವರ್ಷದ ಪುಸ್ತಕಗಳನ್ನ. ಈ ಹುಡುಗಿ ಹಗಲೆಲ್ಲ ಕೂತು ಕಂಪ್ಯೂಟರಿಗೆ ಹಾಕಿದ್ದಾಳಲ್ಲ ಹದಿನೆಂಟು ಸಾವಿರ ದಾಖಲೆ, ಅದಷ್ಟೂ ಅಣ್ಣನ ಅಳತೆ. ಒಂದು ಸುಳ್ಳು ಒಳಗೆ ಸೇರಿದ್ರೆ ಹದಿನೆಂಟು ಸಾವಿರಾನೂ ಅನುಮಾನ. ಅದಕ್ಕೆ ಆ ಒಂದನ್ನ ಇಲ್ಲ ಅನ್ನಿಸಿಬಿಡೋಣ ಅಂತ."

"ಒಂದು ಸುಳ್ಳು ತೆಗೆಯೋಕೆ ಇನ್ನೊಂದು ಸುಳ್ಳು ಹಾಕಿದ್ರಿ" ಎಂದಳು ಹುಡುಗಿ.

"ಹೂಂ. ಅದನ್ನೂ ಸರಿಯಾಗಿ ಹಾಕೋಕೆ ಬರಲಿಲ್ಲ."

ಹುಡುಗಿ ನಗಬಾರದು ಅಂದುಕೊಂಡಿದ್ದಳು. ಮೂಗಿನಿಂದ ಸಣ್ಣ ಸದ್ದೊಂದು ಬಂದೇಬಿಟ್ಟಿತು.

ಚಿಕ್ಕಮ್ಮ ಮಾತ್ರ ನಗಲಿಲ್ಲ. "ಮುದ್ರೆ ಎಲ್ಲಿ?"

"ಗೊತ್ತಿಲ್ಲ."

"ನೋಡಿ, ಅರ್ಧ ನಿಜ ಹೇಳಿದವರು ಇನ್ನರ್ಧಾನೂ ಹೇಳಿಬಿಡಬೇಕು."

"ನಾನು ಮುಟ್ಟಿಲ್ಲ. ಚಿತ್ರ ಮುಗಿಸಿ ಮೊನ್ನೆಯೇ ತಟ್ಟೆಗೆ ವಾಪಸು ಇಟ್ಟೆ. ದಾಖಲೆ ಬದಲಾಯಿಸಿದೆ. ಮರುದಿನ ಬೆಳಿಗ್ಗೆ ಬೂದಿ ಪದರದ ಮಣಿಗಳ ಚೀಲದಿಂದ ಒಂದನ್ನ ತಗೊಂಡು ಮುದ್ರೆಯ ಜಾಗದಲ್ಲಿ ಇಡೋಕೆ ಹೋದ್ರೆ, ಹತ್ತಿಯಲ್ಲಿ ಗುಳಿ ಮಾತ್ರ ಇತ್ತು." ಅವಳು ಮೇಜಿನ ಖಾನೆಯಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಒಳಗೆ ಒಂದು ಸಾದಾ ಕೆಂಪು ಮಣಿ. "ಇದನ್ನ ಇಡೋಕೂ ಆಗಲಿಲ್ಲ, ಹಿಂದಕ್ಕೆ ಹಾಕೋಕೂ ಆಗಲಿಲ್ಲ."

ಚಿಕ್ಕಮ್ಮ ಆ ಮಣಿಯನ್ನು ಬಹಳ ಹೊತ್ತು ನೋಡಿದರು. ಸುಳ್ಳು ಹೇಳುವವರ ಕೈಗಳನ್ನು ಅವರು ಒಂದು ಜೀವಮಾನ ನೋಡಿದ್ದರು. ಈ ಕೈ ಅಲುಗಲಿಲ್ಲ.

"ಹಾಗಾದ್ರೆ ತಿದ್ದಿದವರು ಒಬ್ಬರು, ಎತ್ತಿದವರು ಇನ್ನೊಬ್ಬರು. ದಾಖಲೆ ತಿದ್ದಿದ್ದು ನೋಡಿ, ಅದು ನಕಲಿ ಅಂತ ಯಾರಿಗೋ ಗೊತ್ತಾಯ್ತು ಅಂತ ಆ ಇನ್ನೊಬ್ಬರು ಎತ್ತಿರಬೇಕು" ಎಂದರು. "ಪುಟ್ಟಿ, ಈ ಚಿತ್ರ ಇಟ್ಟುಕೊಂಡು ನಿನ್ನ ಕಂಪ್ಯೂಟರಿಂದ ಏನಾದ್ರೂ ತಿಳ್ಕೋಬಹುದಾ?"

ಹುಡುಗಿಯ ಮುಖ ಬೆಳಗಿತು. "ಆಗುತ್ತೆ. ಅಕ್ಕ ಬರೆದ ಚಿತ್ರ ಹಾಕಿದ್ರೆ ಅದೇ ಆಕಾರದ ವಸ್ತು ಇನ್ನೆಲ್ಲಾದ್ರೂ ಇದೆಯಾ ಅಂತ ಹುಡುಕುತ್ತೆ. ನಾವಿಬ್ಬರೂ ಸೇರಿ ಮಾಡಿದ್ದು. ಒಂದು ವರ್ಷ ಹಿಡೀತು. ಆದರೆ ನಾನು ಮುಟ್ಟೋ ಹಾಗಿಲ್ಲವಲ್ಲ."

"ನಾನು ಮುಟ್ಟಬಹುದು" ಎಂದಳು ಚಿತ್ರದಕ್ಕ. ಕೋಣೆಯ ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತಳು. "ಈ ಸಲ ನನ್ನ ಹೆಸರಲ್ಲೇ."

ಹಾಳೆ ಸ್ಕ್ಯಾನರಿನೊಳಗೆ ಹೋಯಿತು. ಪರದೆಯ ಮೇಲೆ ಕೊಂಬಿನ ಪ್ರಾಣಿಯ ಗೆರೆಗಳು ಮೂಡಿದವು. ಹುಡುಗಿ ಕುರ್ಚಿಯ ಹಿಂದೆ ನಿಂತು, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, "ಎಡಗಡೆ... ಅದಲ್ಲ, ಅದರ ಕೆಳಗಿಂದು... ಹಾಂ, ಈಗ ಒತ್ತಿ" ಎನ್ನುತ್ತಿದ್ದಳು. ಎರಡು ದಿನದ ಹಿಂದಿನ ಹಾಗೇ ಇಬ್ಬರೂ.

ಹದಿನೆಂಟು ಸಾವಿರ ದಾಖಲೆಗಳ ಮೇಲೆ ಹುಡುಕಾಟ ಓಡಿತು. ಪರದೆಯ ಮೂಲೆಯಲ್ಲಿ ಚಕ್ರ ಸುತ್ತಿತು.

ಸಿಕ್ಕಿದ್ದು ಒಂದೇ.

ಅದು ಅಗೆದು ತೆಗೆದ ವಸ್ತುವಿನ ಫೋಟೋ ಆಗಿರಲಿಲ್ಲ. ಬೂದು ಬಣ್ಣದ, ಕಂಪ್ಯೂಟರಿನಲ್ಲೇ ಮಾಡಿದ ಒಂದು ಆಕಾರ. ಅದೇ ಪ್ರಾಣಿ. ಅದೇ ತಿರುಗಿದ ಕುತ್ತಿಗೆ. ಮೂಲೆಯ ಮುಕ್ಕು ಕೂಡ ಅಳತೆ ತಪ್ಪದೆ ಅಲ್ಲೇ ಇತ್ತು.

"ಇದು ನೆಲಮಾಳಿಗೆಯ ಕೊರೆಯೋ ಯಂತ್ರಕ್ಕೆ ಕಳಿಸಿದ ಆಕಾರ" ಎಂದಳು ಹುಡುಗಿ. "ಶಾಲೆಗಳಿಗೆ ಮಾದರಿ ಮಾಡಿಕೊಡ್ತೀವಲ್ಲ, ಆ ಯಂತ್ರ. ಅದಕ್ಕೆ ಏನು ಕಳಿಸಿದ್ರೂ ಒಂದು ಪ್ರತಿ ಇಲ್ಲಿ ತಾನಾಗಿ ಉಳಿಯುತ್ತೆ."

"ಅದು ಯಾರ್‍ಯಾರಿಗೆ ಗೊತ್ತು?"

"ನನಗೆ ಮಾತ್ರ. ಹೇಳೋ ವಿಷಯ ಅಂತ ಅನ್ನಿಸಲೇ ಇಲ್ಲ. ಯಾರೂ ಕೇಳಲೂ ಇಲ್ಲ."

"ಮೇಷ್ಟ್ರ ಬಂಡೆಯ ಹಾಗೆ" ಎಂದರು ಚಿಕ್ಕಮ್ಮ. "ತಾರೀಕು ಓದು."

ಹುಡುಗಿ ಓದಿದಳು. ಓದಿ, ಬೆರಳಲ್ಲಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮುದ್ರೆ ಮಣ್ಣಿನಿಂದ ಹೊರಬಂದದ್ದು ಹೋದ ಶುಕ್ರವಾರ. ಈ ಆಕಾರ ಯಂತ್ರಕ್ಕೆ ಹೋದದ್ದು ಅದಕ್ಕೂ ಹನ್ನೊಂದು ದಿನ ಮುಂಚೆ.

"ಕಳಿಸಿದವರು ಯಾರು?"

ಚಿತ್ರದಕ್ಕನೇ ಆ ಸಾಲಿನ ಮೇಲೆ ಬಾಣ ತಂದು ನಿಲ್ಲಿಸಿದಳು. ಅವಳ ಬೆರಳು ಮೌಸಿನ ಮೇಲೇ ಉಳಿಯಿತು. ಅಣ್ಣನ ಹೆಸರು ಹಾಳಾಗಬಾರದು ಅಂತ ತನ್ನ ಹೆಸರನ್ನೇ ಮಣ್ಣುಪಾಲು ಮಾಡಲು ಹೊರಟವಳ ಎದುರು, ಪರದೆಯ ಮೇಲೆ ಆ ಹೆಸರೇ ಇತ್ತು.

ಉತ್ಖನನ ಮೇಲ್ವಿಚಾರಕರು.

"ಅಣ್ಣಂಗೆ ಇದನ್ನ ಹಿಡಿಯೋಕೂ ಬರಲ್ಲ" ಎಂದಳು. ಹೇಳಿದ್ದು ಯಾರಿಗೆ ಎಂದು ಅವಳಿಗೇ ತಿಳಿದಂತಿರಲಿಲ್ಲ. "ನೀವೂ ನೋಡಿರಬೇಕು. ಮುಟ್ಟಿದ್ರೂ ಒಂದು ಬೆರಳಲ್ಲಿ ಕುಕ್ಕುತ್ತಾರೆ."

ಹತ್ತೂ ಬೆರಳಲ್ಲಿ ಒತ್ತಲು ಬರುವವರಿಗೂ ಒಂದೇ ಬೆರಳಲ್ಲಿ ಕುಕ್ಕುವ ಹಾಗೆ ನಟಿಸಲು ಬರುತ್ತದೆ ಎಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಅವರು ಎದ್ದು ಕಾರಿಡಾರಿಗೆ ನಡೆದರು. ಹುಡುಗಿ ಹಿಂದೆಯೇ ಬಂದಳು.

ನೋಟಿಸ್ ಬೋರ್ಡು ಕಿಟಕಿಯ ಪಕ್ಕದಲ್ಲೇ ಇತ್ತು. ರಜೆಯ ಪಟ್ಟಿ, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನೆ, ಯಾರದೋ ಕಳೆದುಹೋದ ಛತ್ರಿಯ ವಿಚಾರ. ಅವುಗಳ ನಡುವೆ ಗುಂಡುಪಿನ್ನಿನಲ್ಲಿ ಚುಚ್ಚಿದ್ದ ಕಂದು ಲಕೋಟೆ. ಮೇಲೆ ದಪ್ಪ ಮೀಸೆ. ಬಾಯಿ ಗಟ್ಟಿಯಾಗಿ ಅಂಟಿತ್ತು. ಒಂದೂವರೆ ವರ್ಷದ ಧೂಳು ಆ ಅಂಟಿನ ಗೆರೆಯುದ್ದಕ್ಕೂ ಕೂತಿತ್ತು.

ಚಿಕ್ಕಮ್ಮ ಕರವಸ್ತ್ರದಲ್ಲಿ ಅಂಚು ಹಿಡಿದು ಪಿನ್ನು ಕಿತ್ತರು. ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಬೆಳಕು ಅಡ್ಡಿಯಿಲ್ಲದೆ ಈ ಕಡೆ ಬಂತು. ಒಳಗೆ ಚೀಟಿ ಇರಲಿಲ್ಲ.

ತಲೆಕೆಳಗು ಮಾಡಿದರು. ಕೆಳಗಿನ ಅಂಚನ್ನು ಬ್ಲೇಡಿನಲ್ಲಿ ಕೂದಲೆಳೆಯಷ್ಟು ನಾಜೂಕಾಗಿ ಸೀಳಿ, ಮತ್ತೆ ಅಂಟಿಸಿದ್ದರು. ಧೂಳಿಲ್ಲದ ಹೊಸ ಅಂಟು. ಅಂಟು ಒಣಗುವ ಮೊದಲು ಯಾರೋ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದರು.

ಚಿಕ್ಕಮ್ಮ ಭೂತಗನ್ನಡಿ ಬಿಚ್ಚಿದರು. ಮೂವತ್ತೊಂದು ವರ್ಷ ಓದಿದ ಅಕ್ಷರವೇ ಅಲ್ಲಿತ್ತು. ಪೂರ್ತಿ ಹೆಬ್ಬೆರಳು. ಸುಳಿ ಸ್ಪಷ್ಟ. ಸುಳಿಯ ನಡುವೆ ಓರೆಯಾಗಿ ಹಾದ ಹಳೆಯ ಗಾಯದ ಗೆರೆ.

ಹಿಂದೆ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ದೂರಿನ ಹಾಳೆ, ಇನ್ನೊಂದರಲ್ಲಿ ಪೆನ್ನು ಹಿಡಿದು ನಿರ್ದೇಶಕರು ಬಂದರು. ಕಾರಿಡಾರಿನ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷವಿತ್ತು.

"ಏನಮ್ಮ, ನಿಮ್ಮ ಹುಡುಕಾಟ ಮುಗೀತಾ? ನಾನು ಸಹಿ ಹಾಕಬಹುದಾ?"

"ಹಾಕಬೇಡಿ. ತಿದ್ದಿದ್ದು ಈ ಹುಡುಗಿ ಅಲ್ಲ. ತಿದ್ದಿದವರು ಒಳಗೆ ಕೂತಿದ್ದಾರೆ, ಒಪ್ಪಿಕೊಂಡಿದ್ದಾರೆ, ಬರೆದೂ ಕೊಡ್ತಾರೆ. ಮೊದಲು ಇವಳ ಕಾರ್ಡು ಕೊಡಿ."

ನಿರ್ದೇಶಕರು ಚಿತ್ರದಕ್ಕನ ಬಾಗಿಲಿನ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅವಳು ತಲೆಯಾಡಿಸಿದಳು. ಅವರು ದೂರಿನ ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿ, ಕೋಟಿನಿಂದ ಕಾರ್ಡು ತೆಗೆದು ಕೊಟ್ಟರು. ಹುಡುಗಿ ಅದನ್ನು ಕೊರಳಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಒಳ್ಳೇದಾಯ್ತು. ಹಾಗಾದ್ರೆ ಮುದ್ರೆ ತೆಗೆದುಕೊಂಡವರೂ ಅವರೇ" ಎಂದರು ನಿರ್ದೇಶಕರು. "ಹೆಸರು ಬದಲಾಯಿಸಿ ಬರೀತೀನಿ."

"ಹೆಸರಿನ ಜಾಗ ಸ್ವಲ್ಪ ಖಾಲಿ ಬಿಡಿ." ಚಿಕ್ಕಮ್ಮ ಲಕೋಟೆಯ ಕೆಳಗಿನ ಅಂಚನ್ನು ಅವರಿಗೆ ಕಾಣುವ ಹಾಗೆ ಹಿಡಿದರು. "ಮೇಷ್ಟ್ರ ಪಾಸ್‌ವರ್ಡ್ ಕದ್ದವರು ಇಲ್ಲಿ ತಮ್ಮ ಹೆಬ್ಬೆರಳು ಬಿಟ್ಟುಹೋಗಿದ್ದಾರೆ. ಈ ಕಟ್ಟಡದಲ್ಲಿ ಇರೋದು ಇಪ್ಪತ್ತಾರು ಜನ. ಒಬ್ಬೊಬ್ಬರ ಹೆಬ್ಬೆರಳೂ ನನಗೆ ಬೇಕು. ಗುಂಡಿಯಲ್ಲಿ ನಿಂತಿರೋ ಮೇಷ್ಟ್ರದೂ, ಗೇಟಿನ ಕಾವಲುಗಾರನದೂ. ದೊಡ್ಡವರು ಮೊದಲು ಕೊಟ್ರೆ ಉಳಿದವರಿಗೆ ಸಂಕೋಚ ಇರಲ್ಲ. ನಿಮ್ಮಿಂದಲೇ ಶುರು ಮಾಡೋಣ."

"ಅದಕ್ಕೇನಂತೆ" ಎಂದು ನಿರ್ದೇಶಕರು ನಕ್ಕರು.

ನಗುತ್ತಲೇ ಅವರು ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡರು. ಬಲಗೈ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು ಮೆಲ್ಲಗೆ ಕೋಟಿನ ಜೇಬಿಗೆ ಇಳಿಯಿತು, ಮತ್ತೆ ಹೊರಗೆ ಬರಲಿಲ್ಲ.